ನಗುವ ಸೀನಿಗೆ ಅತ್ತ ಸರೋಜತ್ತೆ

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಯಾವುದೋ ಕೆಲಸದ ಮೇಲೆ ಮೈಸೂರಿನ ಅಗ್ರಹಾರದ ಕಡೆ ಹೋಗಿದ್ದವಳು, ಒಂದು ತಿರುವಿನಲ್ಲಿ ವಾಸನೆಯೊಂದು ಮೂಗಿಗೆ ಬಡಿದು ಹಾಗೇ ನಿಂತುಬಿಟ್ಟೆ. ನೆಂದ ತೆಂಗಿನ ನಾರಿನ ವಾಸನೆ. ಅದರ ಜೊತೆಗೆ ಹಳೆಯ ರೆಕ್ಸಿನ್ನು, ಉದುರಿದ ಸುಣ್ಣದ ಗಾರೆ, ಬಹಳ ಕಾಲ ಬಾಗಿಲು ತೆಗೆಯದ ಕೋಣೆಯ ಮುಗ್ಗಲು ಎಲ್ಲ ಕಲೆತಿದ್ದವು. ತಲೆಯೆತ್ತಿ ನೋಡಿದರೆ ನಮ್ಮ ಟಾಕೀಸನ್ನು ಕೆಡವುತ್ತಿದ್ದರು. ಸೀಟುಗಳನ್ನೆಲ್ಲ ಕಿತ್ತು ಫುಟ್‌ಪಾತಿನ ಮೇಲೆ ಒಟ್ಟಿದ್ದರು. ರಾತ್ರಿ ಸುರಿದ ಮಳೆಗೆ ರೆಕ್ಸಿನ್ನಿನ ಹರುಕಿನಿಂದ ನಾರು ಈಚೆ ಜೋತಾಡುತ್ತಿತ್ತು. ಚಾವಣಿ ಆಗಲೇ ಇಳಿದಿತ್ತು. ಪರದೆ ಇದ್ದ ಗೋಡೆಯೊಂದು ಮಾತ್ರ ಇನ್ನೂ ನಿಂತಿತ್ತು, ಅದರ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಕಟ್ಟಿದಂದಿನಿಂದ ಬಿಸಿಲನ್ನೇ ಕಾಣದ ಗೋಡೆ ಅದು. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಟಾಕೀಸು ಇದ್ದಿರಬೇಕು. ಹೆಂಗಸರಿಗೆ ಬೇರೆ ಕ್ಯೂ, ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳು, ಕತ್ತಲಿನೊಳಗೆ ಮಲ್ಲಿಗೆ, ಬೀಡಿ, ಹುರಿದ ಕಡಲೆಕಾಯಿ ಎಲ್ಲ ಸೇರಿದ ಒಂದು ಬೆಚ್ಚನೆಯ ಗಾಳಿ. ಅಲ್ಲಿ ನಿಮ್ಮ ಮನೆಯವರು ಯಾರೋ ಒಬ್ಬರು ಅತ್ತಿರಬೇಕು, ನೀವು ಪರದೆಯನ್ನು ಬಿಟ್ಟು ಅವರ ಮುಖವನ್ನೇ ನೋಡಿರಬೇಕು. ನಾನು ನೋಡಿದ್ದು ನನ್ನ ಅಜ್ಜಿಯ ಮುಖ. ಆಮೇಲೆ ನನ್ನ ಅತ್ತೆಯ ಮುಖ.

ಅಜ್ಜಿ ಕೆಂಪಮ್ಮನಿಗೆ ಅಳುವುದೆಂದರೆ ಬಲು ಇಷ್ಟ. ತಪ್ಪು ತಿಳಿಯಬೇಡಿ, ಅವಳು ಸದಾ ಗೋಳು ಕರೆಯುವ ಹೆಂಗಸಾಗಿರಲಿಲ್ಲ. ಮನೆಯಲ್ಲಿ ಅವಳು ಅತ್ತಿದ್ದನ್ನು ನಾನು ಕಂಡೇ ಇಲ್ಲ. ನಂಜನಗೂಡಿನ ಕಡೆಯ ಹಳ್ಳಿಯಿಂದ ತಾತನ ಹಿಂದೆ ಮೈಸೂರಿಗೆ ಬಂದು, ತಾತ ಮಿಲ್ಲಿನ ಕೆಲಸದಲ್ಲಿರುವಾಗಲೇ ತೀರಿಕೊಂಡ ಮೇಲೆ ಊದುಬತ್ತಿ ಹೊಸೆದು ಅಪ್ಪನನ್ನೂ ಅತ್ತೆಯನ್ನೂ ಸಾಕಿದವಳು. ನಮ್ಮ ಮನೆ ಅಗ್ರಹಾರದ ಒಂದು ಓಣಿಯ ವಠಾರದಲ್ಲಿತ್ತು. ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ, ಎದುರುಬದುರಿಗೆ ಸಾಲು ಮನೆಗಳು. ಮಧ್ಯಾಹ್ನವಾದರೆ ಅಜ್ಜಿ ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಅಂಗೈಗೆ ಮೆತ್ತಿದ ಕಪ್ಪು ಮಸಾಲೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ, ಅವಳು ಕಲಸಿದ ಅನ್ನಕ್ಕೂ ಒಂದಿಷ್ಟು ಗಂಧದ ಘಮ ಇರುತ್ತಿತ್ತು. ಶುಕ್ರವಾರ ಮಾತ್ರ ಮಣೆ ಮೂಲೆ ಸೇರುತ್ತಿತ್ತು. ಅವತ್ತು ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ನನ್ನ ಕೈ ಹಿಡಿದು ಮ್ಯಾಟಿನಿಗೆ ಹೊರಡುತ್ತಿದ್ದಳು. ಪರದೆಯ ಮೇಲೆ ಇನ್ನೂ ಯಾರಿಗೂ ಏನೂ ಆಗಿರುತ್ತಿರಲಿಲ್ಲ. ಹಿಂದಿನಿಂದ ಪಿಟೀಲು ಒಂದಿಷ್ಟು ಎಳೆದರೆ ಸಾಕು, ಅಜ್ಜಿಯ ಕೈ ಸೆರಗಿಗೆ ಹೋಗುತ್ತಿತ್ತು. ತಾಯಿ ಮಗ ಅಗಲಿದರೆ ಅಳು, ಕೂಡಿದರೆ ಅದಕ್ಕಿಂತ ಹೆಚ್ಚು ಅಳು. ಇಂಟರ್‌ವೆಲ್ಲಿನಲ್ಲಿ ಮುಖ ತೊಳೆದು ಬಂದು, ಉಪ್ಪು ಹಾಕಿ ಹುರಿದ ಕಡಲೆಕಾಯಿ ಬಿಡಿಸುತ್ತಾ, “ಸಂದಾಗದೆ ಕಣೆ ಪುಟ್ಟಿ, ಹೊಟ್ಟೆ ತುಂಬ ಅತ್ಬುಟ್ಟೆ” ಎಂದು ಊಟ ಮಾಡಿ ಎದ್ದವಳ ಹಾಗೆ ನಗುತ್ತಿದ್ದಳು. ಒಮ್ಮೆ ನಾನು, “ಮನೇಲಿ ಯಾಕಜ್ಜಿ ನೀನು ಅಳೋದೇ ಇಲ್ಲ?” ಎಂದು ಕೇಳಿದ್ದಕ್ಕೆ ಅವಳು, “ಮನೇಲತ್ರೆ ಯಾಕೆ ಏನು ಅಂತ ಎಲ್ರೂ ಕೇಳ್ತಾರೆ ಕಣವ್ವ. ಅಲ್ಲಿ ಕತ್ಲೇಲಿ ಯಾರೂ ಕೇಳಲ್ಲ” ಎಂದಳು. ಆಗ ಅದು ನನಗೆ ಅರ್ಥವಾಗಲಿಲ್ಲ. ಹಳ್ಳಿಯಲ್ಲಿದ್ದಾಗ ಅವಳ ಎರಡು ಮಕ್ಕಳು ಹಾಲು ಕುಡಿಯುವ ವಯಸ್ಸಿನಲ್ಲೇ ತೀರಿಹೋಗಿದ್ದವು ಎಂಬುದು ನನಗೆ ಗೊತ್ತಾದದ್ದೇ ದೊಡ್ಡವಳಾದ ಮೇಲೆ.

ಸರೋಜತ್ತೆ ಅಪ್ಪನ ಒಬ್ಬಳೇ ತಂಗಿ. ಅವಳನ್ನು ನಂಜನಗೂಡಿಗೆ ಕೊಟ್ಟಿದ್ದರು. ಅವಳ ಗಂಡ ಮಹದೇವು ಮಾವನಿಗೆ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪು ಇತ್ತು. ಎತ್ತರದ, ತೆಳ್ಳನೆಯ ಮನುಷ್ಯ. ಕೈ ಬೆರಳುಗಳ ಸಂದಿಯಲ್ಲಿ ಯಾವಾಗಲೂ ಗ್ರೀಸು. ನಮ್ಮ ಮನೆಗೆ ಬಂದಾಗ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಅರಮನೆಯ ಸುತ್ತ ಒಂದು ಸುತ್ತು ಹಾಕಿಸದೆ ಹೋಗುತ್ತಿರಲಿಲ್ಲ. ಮದುವೆಯಾಗಿ ಎರಡನೇ ವರ್ಷ ಅತ್ತೆ ಬಸುರಿಯಾದಳು. ವಿಷಯ ತಿಳಿದ ಅಜ್ಜಿ ವಠಾರಕ್ಕೆಲ್ಲ ಬೆಲ್ಲ ಹಂಚಿದಳು. ಆ ಬೆಲ್ಲದ ಸಿಹಿ ಆರುವ ಮೊದಲೇ ಒಂದು ಬೆಳಿಗ್ಗೆ ಮಾವ ಅಂಗಡಿ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅತ್ತೆಯನ್ನು ಯಾರೋ ಕೂಗಿ ಕರೆದಾಗ ಅವಳು ಒಲೆಯ ಮುಂದೆ ಇದ್ದಳಂತೆ. ಹೋಗಿ ನೋಡಿದಳು. ಅವನ ಪಕ್ಕದಲ್ಲಿ ಕೂತಳು. ಹೆಣ ಎತ್ತುವಾಗಲೂ ಅಳಲಿಲ್ಲ, ಬಳೆ ತೆಗೆಯುವಾಗಲೂ ಅಳಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅಪ್ಪ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದ. ಬಂದವಳು ನಡುಮನೆಯ ಕಿಟಕಿಯ ಹತ್ತಿರ ಕೂತಳು, ಅಷ್ಟೆ. ಕೂತ ಕಡೆಯೇ ಬೆಳಗಾಗುತ್ತಿತ್ತು, ಕೂತ ಕಡೆಯೇ ಸಂಜೆಯಾಗುತ್ತಿತ್ತು. ತಟ್ಟೆಯನ್ನು ಮುಂದಿಟ್ಟರೆ ನಾಲ್ಕು ತುತ್ತು ತಿಂದು ಕೈ ತೊಳೆಯುತ್ತಿದ್ದಳು. ಮಾತಿಲ್ಲ. ನಾನು ಹೋಗಿ ತೊಡೆಯ ಮೇಲೆ ತಲೆ ಇಟ್ಟರೆ ಕೂದಲ ಮೇಲೆ ಕೈ ಇಡುತ್ತಿದ್ದಳು. ಆ ಕೈಯಲ್ಲಿ ಭಾರವೇ ಇರುತ್ತಿರಲಿಲ್ಲ.

ನಂಜನಗೂಡಿನಲ್ಲಿ ಅವಳ ಅತ್ತೆಮನೆಯವರು, ಗಂಡ ಸತ್ತರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲೆದೆಯವಳು ಎಂದು ಹೇಳಿಕೊಂಡು ತಿರುಗಿದ್ದು ನಮ್ಮ ಓಣಿಗೂ ಬಂತು. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಇಟ್ಟುಕೊಂಡು ಪಿಸುಗುಡುತ್ತಿದ್ದರು. ಅಜ್ಜಿಗೆ ಆ ಮಾತಿನ ಚಿಂತೆ ಇರಲಿಲ್ಲ. ಅವಳ ಭಯವೇ ಬೇರೆ. ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಹೀಗೆ ಊಟ ಬಿಟ್ಟರೆ ಮಗು ಬೆಳೆಯುವುದಿಲ್ಲ, ತಾಯಿಯ ಮೈಯಲ್ಲಿ ರಕ್ತವೇ ಇಲ್ಲ ಎಂದು ಬೈದು ಕಳಿಸಿದ್ದರು. ಮಾತ್ರೆ ತಂದಿಟ್ಟರೆ ಅತ್ತೆ ಅದನ್ನು ನೋಡುತ್ತಾ ಕೂರುತ್ತಿದ್ದಳು. ಒಂದು ಗುರುವಾರ ಅಪ್ಪ ಮೇಟಗಳ್ಳಿಯ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದು ಸೈಕಲ್ ಒಳಗೆ ತರುತ್ತಿದ್ದ ಹಾಗೇ ಅಜ್ಜಿ, “ನಾಳೆ ಸರೋಜೀನ ಸಿನಿಮಾಕ್ಕೆ ಕರ್ಕೊಂಡೋಯ್ತೀನಿ” ಎಂದಳು. ಅಪ್ಪನಿಗೆ ತಲೆ ಕೆಟ್ಟಿತು. “ಏನವ್ವ ನೀನು! ಅವ್ನು ಹೋಗಿ ಇನ್ನೂ ಎಷ್ಟ್ ದಿನ ಆಯ್ತು? ಬಸ್ರಿ ಬೇರೆ. ಜನ ಏನಂತಾರೆ?” ಎಂದ. ಅಜ್ಜಿ ದನಿ ಏರಿಸಲಿಲ್ಲ. “ಜನ ಬಂದು ನಿನ್ ತಂಗಿ ಹೆರಿಗೆ ಮಾಡ್ತಾರಾ? ಅವ್ಳು ಒಳಗೇ ಉಸಿರು ಕಟ್ಕೊಂಡು ಕೂತವ್ಳೆ ಕಣಪ್ಪ. ಅದು ಕಣ್ಣಿಂದ ಈಚೆ ಬರ್ಬೇಕು. ನಂಗೆ ಗೊತ್ತಿರೋ ಔಸ್ತಿ ಅದೊಂದೇಯ” ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, “ಕರ್ಕೊಂಡ್ ಹೋಗ್ಲಿ ಬಿಡ್ರೀ. ಇಲ್ಲಿ ಕೂತೂ ಏನಾಗ್ತಿದೆ?” ಎಂದು ಮೆಲ್ಲಗೆ ಸೇರಿಸಿದಳು. ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ಕೈಕಾಲು ತೊಳೆಯಲು ಹೋದ.

ಹೀಗೆ ಶುರುವಾಯಿತು ನಮ್ಮ ಮೂವರ ಶುಕ್ರವಾರ. ಅತ್ತೆ ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. ಕೈ ಹಿಡಿದರೆ ಎದ್ದಳು, ನಡೆಸಿದರೆ ನಡೆದಳು. ಓಣಿಯುದ್ದಕ್ಕೂ ಬಾಗಿಲುಗಳಲ್ಲಿ ಮುಖಗಳು ಕಂಡವು. ಅಜ್ಜಿ ಯಾರನ್ನೂ ನೋಡದೆ ತಲೆಯೆತ್ತಿಕೊಂಡು ಮುಂದೆ ನಡೆದಳು. ಮೊದಲ ವಾರ ನೋಡಿದ್ದರಲ್ಲಿ ನಾಯಕಿಗೆ ಕ್ಷಯ. ಮಗುವನ್ನು ಅನಾಥಾಶ್ರಮದ ಬಾಗಿಲಲ್ಲಿ ಬಿಟ್ಟು ಮಳೆಯಲ್ಲಿ ನಡೆದುಹೋಗುತ್ತಾಳೆ. ಇಡೀ ಹೆಂಗಸರ ಕ್ಲಾಸು ಮೂಗು ಸೀಟುತ್ತಿತ್ತು. ಅಜ್ಜಿ ಬಿಕ್ಕುತ್ತಾ ಬಿಕ್ಕುತ್ತಾ ನಡುವೆ ಬಗ್ಗಿ ಮಗಳ ಮುಖ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಪರದೆಯ ಬೆಳಕು ಅತ್ತೆಯ ಕೆನ್ನೆಯ ಮೇಲೆ ನೀಲಿಯಾಗಿ, ಬೆಳ್ಳಗಾಗಿ ಬಂದು ಬಂದು ಹೋಗುತ್ತಿತ್ತು. ಕೆನ್ನೆ ಒಣಗಿಯೇ ಇತ್ತು. ಆಮೇಲೆ ಕುರುಡ ಗಾಯಕನ ಕಥೆ ಬಂತು, ಅಣ್ಣ ತಂಗಿಯರ ಕಥೆ ಬಂತು, ಗಂಡನ ಪ್ರಾಣಕ್ಕಾಗಿ ದೇವರ ಮುಂದೆ ಉರುಳುವ ಸತಿಯ ಕಥೆಯೂ ಬಂತು. ಅದೊಂದನ್ನು ನೋಡಿ ಬರುವಾಗ ಅಜ್ಜಿಯ ಸೆರಗು ಹಿಂಡಿದರೆ ನೀರು ಬರುವಷ್ಟು ನೆಂದಿತ್ತು. ಅತ್ತೆ ಮಾತ್ರ ದೇವಸ್ಥಾನಕ್ಕೆ ಹೋಗಿ ಬಂದವಳಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತಳು. ಅವತ್ತು ಅಜ್ಜಿ ಅಂಗಳದ ಕಲ್ಲಿನ ಮೇಲೆ ಕೂತು ಬೆಟ್ಟದ ಕಡೆ ಕೈ ಮುಗಿದದ್ದನ್ನು ನಾನು ನೋಡಿದೆ. “ತಾಯಿ ಚಾಮುಂಡಿ, ನನ್ನದೆಲ್ಲ ಖಾಲಿ ಆಯ್ತು. ಇನ್ನ ನೀನುಂಟು” ಎಂದಳು.

ಮುಂದಿನ ಶುಕ್ರವಾರ ಟಾಕೀಸಿನ ಮುಂದೆ ಹೋಗಿ ನಿಂತರೆ ಸಿನಿಮಾ ಬದಲಾಗಿತ್ತು. ಪೋಸ್ಟರಿನಲ್ಲಿ ಒಬ್ಬ ಗುಂಡನೆಯ ಮನುಷ್ಯ ಪಂಚೆ ಎತ್ತಿ ಕಟ್ಟಿಕೊಂಡು ಓಡುತ್ತಿದ್ದ, ಅವನ ಹಿಂದೆ ಹೆಂಡತಿ ಲಟ್ಟಣಿಗೆ ಹಿಡಿದು ಓಡುತ್ತಿದ್ದಳು. ನಗಿಸುವ ಸಿನಿಮಾ. ಅಜ್ಜಿಯ ಮುಖ ಸಣ್ಣಗಾಯಿತು. ತಿರುಗಿ ಹೋಗೋಣ ಎಂದರೆ ಆಗಲೇ ಮಳೆಯ ದಪ್ಪ ಹನಿಗಳು ಬೀಳತೊಡಗಿದ್ದವು. “ಬಂದದ್ದಾಯ್ತು. ಇವತ್ತೊಂದಿನ ನಕ್ಕು ಹೋಗನ ಬುಡು” ಎಂದು ನಮ್ಮನ್ನು ಒಳಗೆ ಕರೆದೊಯ್ದಳು. ಸಿನಿಮಾದ ಹೆಸರು ಈಗ ನೆನಪಿಲ್ಲ. ದೊಡ್ಡ ಕಥೆಯೇನೂ ಇರಲಿಲ್ಲ. ಗಂಡನಿಗೆ ತಿನ್ನುವ ಚಪಲ, ಹೆಂಡತಿಗೆ ಅಡುಗೆ ಬಾರದು, ಇಷ್ಟರ ಮೇಲೇ ನಡೆಯುವ ತಮಾಷೆ. ಹೆಂಗಸರ ಕ್ಲಾಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ನಾನೂ ಹೊಟ್ಟೆ ಹಿಡಿದುಕೊಂಡಿದ್ದೆ. ಇಂಟರ್‌ವೆಲ್ಲಿಗೆ ಇನ್ನೇನು ಸ್ವಲ್ಪ ಹೊತ್ತು ಇತ್ತು. ಆ ಗುಂಡನೆಯ ಗಂಡ ಕೆಲಸ ಮುಗಿಸಿ ಮನೆಗೆ ಬಂದ. ಬಾಗಿಲಲ್ಲೇ ನಿಂತ. ಚಪ್ಪಲಿಯನ್ನೂ ಬಿಡದೆ, ಮೂಗನ್ನು ಮೇಲೆತ್ತಿ ಗಾಳಿಯನ್ನು ಮೂಸಿ, “ಏನಮ್ಮಣ್ಣೀ, ಏನ್ ಸಾರು ಇವತ್ತು?” ಎಂದು ರಾಗವಾಗಿ ಕೂಗಿದ. ಒಳಗಿನಿಂದ ಧಡಾರ್ ಎಂದು ಪಾತ್ರೆ ಬಿದ್ದ ಸದ್ದು ಬಂತು. ಇಡೀ ಟಾಕೀಸು ಗೊಳ್ಳೆಂದು ನಕ್ಕಿತು.

ಆ ನಗುವಿನ ನಡುವೆಯೇ ನನ್ನ ಪಕ್ಕದಲ್ಲಿ ಇನ್ನೊಂದು ಸದ್ದು ಕೇಳಿಸಿತು. ಮೊದಲು ಅದು ಕೆಮ್ಮು ಎಂದುಕೊಂಡೆ. ತಿರುಗಿ ನೋಡಿದರೆ ಅತ್ತೆ ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ, ಮೈ ಮಾತ್ರ ಅಲುಗುತ್ತಿತ್ತು. ಆಮೇಲೆ ಅವಳ ಒಳಗಿನಿಂದ, ಎಲ್ಲೋ ಆಳದಿಂದ, ಬಾವಿಯ ರಾಟೆ ತಿರುಗಿದಂಥ ಒಂದು ಸದ್ದು ಬಂತು. ಆಮೇಲೆ ಅಳು. ಜನ ನಗುತ್ತಲೇ ಇದ್ದರು, ಪರದೆಯ ಮೇಲೆ ಪಾತ್ರೆಗಳು ಬೀಳುತ್ತಲೇ ಇದ್ದವು, ಅತ್ತೆ ಅಳುತ್ತಲೇ ಇದ್ದಳು. ಸುತ್ತಲಿನವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿ ತಿರುಗಿದರು. ಹಿಂದಿನ ಸಾಲಿನ ಹೆಂಗಸೊಬ್ಬರು, “ಯಾಕ್ರವ್ವ, ಏನಾಯ್ತು? ಎಲ್ರೂ ನಗ್ತಿದ್ರೆ ಇವ್ರ್ಯಾಕೆ ಅಳ್ತಾವ್ರೆ?” ಎಂದು ಗಾಬರಿಯಿಂದ ಬಗ್ಗಿದರು. ಅಜ್ಜಿ ಮಗಳ ಬೆನ್ನಿನ ಮೇಲೆ ಕೈ ಇಟ್ಟು, “ಏನೂ ಇಲ್ಲ ಕಣ್ರವ್ವ. ಅಳ್ಲಿ ಬುಡಿ, ಅಳ್ಲಿ” ಎಂದಳು. ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಪಿಟೀಲಿಗೂ ಅಳುತ್ತಿದ್ದ ನನ್ನ ಅಜ್ಜಿ ಅವತ್ತು ಅಳಲಿಲ್ಲ. ನೆಟ್ಟಗೆ ಕೂತು, ಹಿಡಿದ ಕೈ ಬಿಡದೆ, ಆ ಗುಂಡನೆಯ ಮನುಷ್ಯನನ್ನೇ ನೋಡುತ್ತಿದ್ದಳು, ಅವನಿಗೆ ತಾನೇನೋ ಕೊಡಬೇಕಾಗಿದೆ ಎಂಬಂತೆ.

ಮಳೆ ನಿಂತ ಮೇಲೆ ಮನೆಗೆ ಬಂದೆವು. ಓಣಿಯಲ್ಲಿ ನೀರು ಹರಿಯುತ್ತಿತ್ತು. ಅತ್ತೆಯ ಕಣ್ಣು ಊದಿ ಕೆಂಪಾಗಿತ್ತು. ಅವಳು ಕಿಟಕಿಯ ಹತ್ತಿರ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನಿಂತಳು. ಅಮ್ಮ ಒಲೆಗೆ ಕಾಳು ಇಟ್ಟಿದ್ದಳು. “ಅತ್ತಿಗೆ, ಇವತ್ತು ಸಾರು ನಾನ್ ಮಾಡ್ತೀನಿ” ಎಂದಳು ಅತ್ತೆ. ಅಷ್ಟು ದಿನಗಳ ಮೇಲೆ ಕೇಳಿದ ದನಿ ಒಡೆದಿತ್ತು. ಅಮ್ಮ ಏನೂ ಕೇಳದೆ ಸೌಟು ಕೊಟ್ಟು ಪಕ್ಕಕ್ಕೆ ಸರಿದಳು. ಅತ್ತೆ ಕಾಳು ಬಸಿದು, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಸುಟ್ಟು ಒರಳಿನಲ್ಲಿ ಖಾರ ಅರೆಯುತ್ತಾ, ಯಾರ ಕಡೆಗೂ ನೋಡದೆ ಹೇಳಿದಳು: “ಅವ್ರು ದಿನಾ ಅಂಗೇ ಕೇಳೋರು ಅತ್ತಿಗೆ. ಬಾಗ್ಲಲ್ಲೇ ನಿಂತ್ಕೊಂಡು. ಚಪ್ಲಿ ಬುಡೋಕ್ ಮುಂಚೆ. ನಾನು, ಮೊದ್ಲು ಕಾಲ್ ತೊಳ್ಕೊಳ್ಳಿ, ಆಮೇಲ್ ಹೇಳ್ತೀನಿ ಅಂತಿದ್ದೆ. ಅವತ್ತೂ ಬೆಳಿಗ್ಗೆನೇ ಉಪ್ಸಾರು ಮಾಡಿಟ್ಟಿದ್ದೆ. ಕೇಳೋಕೆ ಅವ್ರೇ ಬರ್ಲಿಲ್ಲ.” ಅಮ್ಮ ಅವಳನ್ನು ಅಪ್ಪಿಕೊಂಡಳು. ಇಬ್ಬರೂ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿಗೆ ಮತ್ತಷ್ಟು ಅತ್ತು, ಕೊನೆಗೆ ನಕ್ಕೂಬಿಟ್ಟರು. ಅವತ್ತು ಸಂಜೆ ಅತ್ತೆ ಮುದ್ದೆ ಮುರಿದು ಉಪ್ಸಾರಿನಲ್ಲಿ ಅದ್ದಿ ಉಂಡಳು. ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಅಪ್ಪ ತಾನು ಉಣ್ಣುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅಜ್ಜಿ ಅವನನ್ನು ಮೊಣಕೈಯಲ್ಲಿ ತಿವಿದಳು.

ಅತ್ತೆಯ ಮಗಳು ಗಿರಿಜ ಹುಟ್ಟಿದಾಗ ಸ್ವಲ್ಪ ಸಣ್ಣಗಿದ್ದಳು, ಆದರೆ ದನಿ ದೊಡ್ಡದಿತ್ತು. ವಠಾರದ ಅಂಗಳಕ್ಕೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಅತ್ತೆ ಮತ್ತೆ ನಂಜನಗೂಡಿಗೆ ಹೋಗಲಿಲ್ಲ. ಅಜ್ಜಿಯ ಮಣೆಯ ಪಕ್ಕ ಇನ್ನೊಂದು ಮಣೆ ಬಂತು. ತಾಯಿ ಮಗಳು ಎದುರುಬದುರು ಕೂತು ಊದುಬತ್ತಿ ಹೊಸೆಯುವಾಗ ನಡುವೆ ರೇಡಿಯೋ ಇರುತ್ತಿತ್ತು. ಅದರಲ್ಲಿ ಬಂದ ಹಾಡನ್ನು ಅತ್ತೆ ಒಂದೇ ಸಲ ಕೇಳಿ ಕಲಿತುಬಿಡುತ್ತಿದ್ದಳು. ಅವಳು ಹಾಡುತ್ತಾಳೆ ಎಂಬುದು ನಮಗೆ ಆಗಲೇ ಗೊತ್ತಾದದ್ದು. ಸ್ವಲ್ಪ ಒರಟು ದನಿ, ಮೇಲೆ ಹೋದಾಗ ಬಿರುಕು ಬಿಡುತ್ತಿತ್ತು, ಆ ಬಿರುಕಿನಲ್ಲೇ ಏನೋ ಇತ್ತು. ಶುಕ್ರವಾರದ ಮ್ಯಾಟಿನಿಗೆ ಈಗ ಓಣಿಯ ಬೇರೆ ಹೆಂಗಸರೂ ಬರತೊಡಗಿದರು. ನಲ್ಲಿಯ ಹತ್ತಿರ ಪಿಸುಗುಟ್ಟಿದ್ದವರೇ. ಗಂಡನ ಕುಡಿತದಿಂದ ಬಳಲಿದ್ದ ಹೂ ಮಾರುವ ರತ್ನಮ್ಮ, ಮನೆ ಬಿಟ್ಟು ಹೋದ ಮಗನ ದಾರಿ ಕಾಯುತ್ತಿದ್ದ ಟೈಲರ್ ಹೆಂಡತಿ ಜಯಕ್ಕ. ಎಲ್ಲರೂ ಒಂದೇ ಸೀನಿಗೆ ಅಳುತ್ತಿದ್ದರು, ಆದರೆ ಒಬ್ಬೊಬ್ಬರದೂ ಬೇರೆ ಬೇರೆ ಅಳು ಎಂದು ಆ ವಯಸ್ಸಿನಲ್ಲೂ ನನಗೆ ಹೇಗೋ ತಿಳಿಯುತ್ತಿತ್ತು. ಬರುವಾಗ ದಾರಿಯುದ್ದಕ್ಕೂ ಅವರ ಮಾತು ಹಗುರಾಗಿರುತ್ತಿತ್ತು. ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡಿರುತ್ತಿದ್ದರು.

ಬಹಳ ವರ್ಷಗಳ ಮೇಲೆ, ನಾನು ಬಸುರಿಯಾಗಿ ತವರಿಗೆ ಬಂದಿದ್ದಾಗ, ಅತ್ತೆ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾ ಒಂದು ಮಾತು ಹೇಳಿದಳು. ಅವತ್ತು ಟಾಕೀಸಿನಲ್ಲಿ ತನ್ನನ್ನು ಅಳಿಸಿದ್ದು ಆ ಮಾತೊಂದೇ ಅಲ್ಲ ಎಂದು. “ಅವ್ನು ಅಂಗೆ ಕೇಳ್ದ, ಎಲ್ರೂ ನಕ್ರು. ಆ ನಗೂಗೆ ಒಳಗಿದ್ದೋಳು ಒದ್ಲು ಕಣೆ ಪುಟ್ಟಿ. ಅದೇ ಮೊದ್ಲು. ಅಲ್ಲೀಗಂಟ ಒಳಗೆ ಒಂದು ಜೀವ ಅದೆ ಅಂತ್ಲೇ ನಂಗೆ ಅನ್ನಿಸಿರ್ಲಿಲ್ಲ. ಅಪ್ಪನ್ ದನಿ ಕೇಳ್ದಂಗೆ ತಿರುಗ್ಬುಟ್ಲು. ಆಮೇಲ್ ಎಂಗೆ ಸುಮ್ಗಿರ್ಲಿ ಹೇಳು?” ಎಂದಳು. ಇದನ್ನು ಅವಳು ಅಜ್ಜಿಗೂ ಹೇಳಿರಲಿಲ್ಲವಂತೆ. ಆಗ ನನ್ನ ಹೊಟ್ಟೆಯಲ್ಲಿದ್ದ ಮಗು ಹೊರಳಿತು, ಅತ್ತೆ ಎಣ್ಣೆ ಕೈಯನ್ನೇ ಅದರ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

ಅಷ್ಟು ಹೊತ್ತಿಗೆ ಅಜ್ಜಿಯ ಕಣ್ಣು ಹೋಗಿತ್ತು. ಮೊದಲು ಅಂಚು ಮಬ್ಬಾಯಿತು, ಆಮೇಲೆ ನಡುವೆ. ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾವೆಲ್ಲ ಸೊರಗಿ ಕೂತಿದ್ದರೆ ಅಜ್ಜಿ, “ಸರಿ, ಶುಕ್ರವಾರ ಯಾವ ಸಿನಿಮಾ?” ಎಂದಳು. ಅತ್ತೆ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಪಕ್ಕದಲ್ಲಿ ಕೂತು, ಪರದೆಯ ಮೇಲೆ ನಡೆಯುವುದನ್ನೆಲ್ಲ ಕಿವಿಯಲ್ಲಿ ಹೇಳುತ್ತಿದ್ದಳು. ರಜೆಗೆ ಬಂದಾಗ ನಾನೂ ಜೊತೆಗೆ ಹೋಗುತ್ತಿದ್ದೆ. “ಈಗ ಹಸಿರು ಸೀರೆ ಉಟ್ಟವ್ಳೆ ಅವ್ವ. ಮೆಟ್ಲ ಮೇಲೆ ಕೂತವ್ಳೆ. ಬಾಗ್ಲು ನೋಡ್ತಾವ್ಳೆ. ಮಾತಾಡ್ತಿಲ್ಲ.” ಸುತ್ತಲಿನವರು ಮೊದಮೊದಲು ಉಸ್ಸೆಂದು ಗದರಿದರು. ಒಬ್ಬರು ಎದ್ದು ಬೇರೆ ಕಡೆ ಹೋಗಿ ಕೂತರು. ಕ್ರಮೇಣ ಅವರಿಗೂ ರೂಢಿಯಾಯಿತು. ಅತ್ತೆ ಹೇಳುತ್ತಿದ್ದ ರೀತಿಯೇ ಹಾಗಿತ್ತು. ನನಗೂ ಕಣ್ಣು ಮುಚ್ಚಿಕೊಂಡು ಕೇಳಬೇಕು ಅನ್ನಿಸುತ್ತಿತ್ತು. ಕೇಳಿದರೆ ಪರದೆಯ ಮೇಲಿನದಕ್ಕಿಂತ ಚೆಂದದ ಮೆಟ್ಟಿಲು, ಅದಕ್ಕಿಂತ ಹಸಿರಾದ ಸೀರೆ ಕಾಣುತ್ತಿತ್ತು. ಅಜ್ಜಿಯ ಕಾಣದ ಕಣ್ಣುಗಳಿಂದ ನೀರು ಮೊದಲಿನ ಹಾಗೇ ಇಳಿಯುತ್ತಿತ್ತು.

ಒಂದು ಸಿನಿಮಾದ ಕೊನೆಯಲ್ಲಿ ತಾಯಿ ಸಾಯುತ್ತಿದ್ದಳು. ಮಗ ಓಡಿ ಬರುವಷ್ಟರಲ್ಲಿ ಹಾಸಿಗೆ ಖಾಲಿ. ಅತ್ತೆ ಪರದೆ ನೋಡಿದಳು, ಅಜ್ಜಿಯ ಮುಖ ನೋಡಿದಳು. ಆ ವರ್ಷ ಅಜ್ಜಿ ಬಹಳ ಇಳಿದುಹೋಗಿದ್ದಳು. ಅತ್ತೆ ಅವಳ ಕಿವಿಗೆ ಬಗ್ಗಿ, “ಮಗ ಬಂದ ಅವ್ವ. ತಾಯಿ ಎದ್ದು ಕೂತ್ಕಂಡ್ಳು. ಇಬ್ರೂ ತಬ್ಕಂಡವ್ರೆ” ಎಂದಳು. ಅಜ್ಜಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದಳು. ಆಮೇಲೆ, “ಸುಳ್ಳು ಹೇಳ್ತಿದೀಯ ಕಣೆ ಸರೋಜಿ” ಎಂದಳು. “ಸುತ್ತ ಎಲ್ರೂ ಮೂಗು ಸೀಟ್ತಾವ್ರೆ. ಅವಳು ಹೋದ್ಳು.” ಅಜ್ಜಿ ತಡಕಿ ಅತ್ತೆಯ ಗಲ್ಲ ಹಿಡಿದುಕೊಂಡಳು. “ಹೋದ್ರೆ ಹೋದ್ಳು ಅನ್ನು. ನೀನು ಇದ್ದಿದ್ದು ಇದ್ದಂಗೆ ಹೇಳು. ನಾನ್ ಅಳ್ತೀನಿ, ನೀನೂ ಅಳು, ಆಮೇಲೆ ಮನೆಗೋಗಿ ಉಣ್ಣನ” ಎಂದಳು. ಅತ್ತೆ ಮೊದಲಿಂದ ಹೇಳಿದಳು. ಹಾಸಿಗೆ ಖಾಲಿ ಇದೆ ಎಂದಳು. ದಿಂಬಿನ ಮೇಲೆ ತಲೆ ಇಟ್ಟಿದ್ದ ಗುಳಿ ಇನ್ನೂ ಹಾಗೇ ಇದೆ ಎಂದಳು. ಪರದೆಯ ಮೇಲೆ ಅಂಥ ಗುಳಿ ನನಗೆ ಕಾಣಿಸಿರಲಿಲ್ಲ.

ಅಜ್ಜಿ ಮುಂದಿನ ಯುಗಾದಿಯನ್ನು ಕಾಣಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕೇಳಿದಳು, ಅಮ್ಮ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ನಾನು ಬಂದಾಗ ಜಗಲಿಯ ಮೇಲೆ ಮಲಗಿಸಿದ್ದರು. ಅತ್ತೆ ಅವಳ ತಲೆಯ ಹತ್ತಿರ ಕೂತು ಹಾಡುತ್ತಾ ಅಳುತ್ತಿದ್ದಳು. ನಮ್ಮ ಹಳ್ಳಿಗಳ ಕಡೆ ಹೀಗೆ ಹಾಡಿಕೊಂಡು ಅಳುವುದುಂಟು. ಸತ್ತವರನ್ನು ಕರೆದು, ಅವರ ಬದುಕನ್ನೆಲ್ಲ ಅವರಿಗೇ ಹೇಳುವುದು. ಅತ್ತೆಗೆ ಅದನ್ನು ಯಾರೂ ಕಲಿಸಿರಲಿಲ್ಲ. “ಕಪ್ಪು ಕೈಯ ನನ್ನವ್ವ, ಅನ್ನಕೂ ಗಂಧವ ಬಳಿದ್ಯಲ್ಲ. ಬಾಯಿಲ್ದೆ ಕೂತ ಮಗಳ ಕತ್ತಲಿಗೆ ಕರಕೊಂಡೋಗಿ ಬೆಳಕ ತೋರಿಸಿದ್ಯಲ್ಲ. ಕಣ್ಣು ಹೋದ ಮೇಲೂ ಕಥೆ ಕೇಳಿದ್ಯಲ್ಲ, ಇನ್ನ ಯಾರ ಕಿವೀಗೆ ಹೇಳಲವ್ವ?” ಬಿರುಕು ಬಿಡುವ ಆ ದನಿ ಏರಿದಾಗ ಅಂಗಳದ ಅಷ್ಟೂ ಜನ ಅತ್ತರು. ಬಾಡಿಗೆಗೆ ಬಂದು ತಿಂಗಳೂ ಆಗಿರದ ಮನೆಯವರು ಅತ್ತರು. ಎಂದೂ ಅಳದ ನನ್ನ ಅಪ್ಪ, ಕಂಬಕ್ಕೆ ಹಣೆ ಹಚ್ಚಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. ರತ್ನಮ್ಮ ಹೂವಿನ ಬುಟ್ಟಿಯನ್ನೇ ಅಜ್ಜಿಯ ಕಾಲ ಬಳಿ ಸುರಿದಳು. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ಹೇಳಬೇಕಾದದ್ದನ್ನೆಲ್ಲ ಅಜ್ಜಿಗೆ ಹೇಳಿ ಕಳಿಸಿದ್ದೇವೆ ಎಂಬಂಥ ಸಮಾಧಾನ.

ಆಮೇಲೆ ಅತ್ತೆಯನ್ನು ಜನ ಕರೆಯತೊಡಗಿದರು. ಸಾವಿನ ಮನೆಗೆ ಮಾತ್ರವಲ್ಲ, ಮದುವೆಯ ಸೋಬಾನೆಗೆ, ಬಸುರಿಗೆ ಮಡಿಲು ತುಂಬುವುದಕ್ಕೆ, ತೊಟ್ಟಿಲು ಕಟ್ಟುವುದಕ್ಕೆ. ಅವಳು ಹಾಡಿದ ಕಡೆ ಯಾರಾದರೂ ಒಬ್ಬರು ಕಣ್ಣೊರೆಸಿಕೊಳ್ಳದೆ ಇರುತ್ತಿರಲಿಲ್ಲ. ಗಿರಿಜಳಿಗೆ ಮಾತ್ರ ಅಮ್ಮನ ಹಾಡೆಂದರೆ ನಾಚಿಕೆ. ಸ್ನೇಹಿತೆಯರ ಮುಂದೆ, “ಅಮ್ಮ, ಸಾಕು ನಿಲ್ಸು” ಎನ್ನುತ್ತಿದ್ದಳು. ಅವಳು ಡಿಪ್ಲೊಮಾ ಓದಿ ಮೇಟಗಳ್ಳಿಯ ಒಂದು ಕಾರ್ಖಾನೆಗೆ ಸೇರಿದಳು, ಅಲ್ಲೇ ಹತ್ತಿರ ಮನೆ ಮಾಡಿ ಅತ್ತೆಯನ್ನು ಕರೆದುಕೊಂಡು ಹೋದಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಗ್ರಹಾರದ ವಠಾರವೂ ಹೋಯಿತು. ಅಲ್ಲೀಗ ಕಾಲೇಜು ಹುಡುಗಿಯರ ಪಿ.ಜಿ. ಇದೆ. ಬಾಲ್ಕನಿಯಲ್ಲಿ ಬಟ್ಟೆಗಳು ಒಣಗುತ್ತಿರುತ್ತವೆ, ಯಾರೋ ಕಿವಿಗೆ ಫೋನು ಸಿಕ್ಕಿಸಿಕೊಂಡು ಒಬ್ಬರೇ ನಗುತ್ತಲೋ ಅಳುತ್ತಲೋ ಇರುತ್ತಾರೆ. ನೋಡಿದರೆ ನನಗೆ ಬೇಸರವಾಗುವುದಿಲ್ಲ. ಅಲ್ಲಿ ಈಗಲೂ ಹೆಣ್ಣುಮಕ್ಕಳೇ ಇದ್ದಾರೆ.

ಸರೋಜತ್ತೆ ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ ಹೋದಳು. ಉಸಿರಿನ ತೊಂದರೆ ಇತ್ತು. ಅದಕ್ಕೆ ಸ್ವಲ್ಪ ಮುಂಚೆ, ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದಿದ್ದ ಗಿರಿಜಳಿಗೆ ಹೆಣ್ಣು ಮಗು ಹುಟ್ಟಿತ್ತು. ನಾಮಕರಣದ ದಿನ ತೊಟ್ಟಿಲಿಗೆ ಹಾಕುವಾಗ ಹೆಂಗಸರೆಲ್ಲ ಅತ್ತೆಯನ್ನು ಹಾಡು ಎಂದು ಹಿಡಿದುಕೊಂಡರು. “ಉಸ್ರೆಲ್ಲಿದೆ ಕಣ್ರವ್ವ” ಎನ್ನುತ್ತಲೇ ಅವಳು ತೊಟ್ಟಿಲ ಹಗ್ಗ ಹಿಡಿದು ಶುರು ಮಾಡಿದಳು. ಜೋಗುಳ ಅವಳದೇ, ಗಿರಿಜ ಮಗುವಾಗಿದ್ದಾಗ ಕಟ್ಟಿಕೊಂಡದ್ದು. ದನಿ ಸವೆದು ನೂಲಿನಷ್ಟಾಗಿತ್ತು. ಎರಡನೇ ನುಡಿಯ ನಡುವೆ ಅದೂ ನಿಂತಿತು. ಅತ್ತೆ ಬಾಯಿ ತೆರೆದಳು, ಉಸಿರು ಬರಲಿಲ್ಲ. ಹಗ್ಗ ಹಿಡಿದ ಕೈ ಮಾತ್ರ ತೂಗುತ್ತಲೇ ಇತ್ತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ಗಿರಿಜ, ನಿಂತ ಮಾತಿನಿಂದಲೇ ಹಾಡನ್ನು ಎತ್ತಿಕೊಂಡಳು. ಶ್ರುತಿ ಸ್ವಲ್ಪ ತಪ್ಪಿತ್ತು, ಆದರೆ ಒಂದು ಅಕ್ಷರವೂ ಮರೆತಿರಲಿಲ್ಲ. ಅತ್ತೆ ತಿರುಗಿ ನೋಡಲಿಲ್ಲ, ತಲೆ ಬಗ್ಗಿಸಿ ತೂಗುತ್ತಾ ಕೇಳುತ್ತಿದ್ದಳು. ನಾವೆಲ್ಲ ಸೆರಗಿನ ಅಂಚನ್ನು ಹುಡುಕಿಕೊಳ್ಳುತ್ತಿದ್ದಾಗ ತೊಟ್ಟಿಲ ಮಗು ನಿದ್ದೆ ಹೋಗದೆ, ಕಣ್ಣು ಅಗಲಿಸಿಕೊಂಡು, ದನಿ ಎಲ್ಲಿಂದ ಬಂತು ಎಂದು ಒಮ್ಮೆ ತನ್ನ ಅಜ್ಜಿಯ ಕಡೆಗೂ ಒಮ್ಮೆ ತನ್ನ ಅಮ್ಮನ ಕಡೆಗೂ ತಿರುಗಿ ತಿರುಗಿ ನೋಡುತ್ತಿತ್ತು.